ಗೋಡೆ ಕಟ್ಟಲು ಬಂದವರು

1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ಮೇಲೆ ಬಂದೆರಗಿ ಸಾವಿರಾರು ಕುಟುಂಬಗಳನ್ನು ಬೀದಿಗೆ ತಂದಿತು. ಮುಂದಿನ ಕೆಲವು ವರ್ಷ ಉತ್ತರ ಅಮೆರಿಕದ ಚರ್ಚುಗಳಿಂದ, ಕಾಲೇಜುಗಳಿಂದ ತಂಡತಂಡವಾಗಿ ಜನ ಅಲ್ಲಿಗೆ ಹೋದರು. ವಾರ ಹತ್ತು ದಿನ ಇದ್ದು, ಗಾರೆ ಕಲಸಿ, ಇಟ್ಟಿಗೆ ಹೊತ್ತು, ಮನೆ ಎಬ್ಬಿಸಿ, ಮಕ್ಕಳನ್ನು ತಬ್ಬಿಕೊಂಡು ಫೋಟೊ ತೆಗೆಸಿ ವಾಪಸಾದರು. ಹೊಂಡುರಾಸ್‌ನಲ್ಲೇ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಆಮೇಲೆ ನಿಧಾನವಾಗಿ ಆ ಮನೆಗಳ ಲೆಕ್ಕ ತೆಗೆದರು. ತಂಡದವರ ವಿಮಾನದ ಖರ್ಚೂ ಸೇರಿ ಒಂದು ಮನೆಗೆ ಬಿದ್ದದ್ದು ಸುಮಾರು 30,000 ಡಾಲರ್. ಸ್ಥಳೀಯ ಸಂಸ್ಥೆಗಳು ಊರಿನ ಮೇಸ್ತ್ರಿಗಳಿಂದಲೇ ಕಟ್ಟಿಸಿದ ಮನೆಗೆ ಸುಮಾರು 2,000. ಮನೆ ಸಿಕ್ಕ ಕುಟುಂಬಗಳ ಬದುಕಿನಲ್ಲಿ, ಕಟ್ಟಿದವರು ಯಾರೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಿರಲಿಲ್ಲ. ಹೋಗಿಬಂದವರು ತಮ್ಮ ಬದುಕೇ ಬದಲಾಯಿತು ಎಂದಿದ್ದರು. ಆದರೆ ಅವರು ದಾನ ಮಾಡುವ ರೀತಿಯಲ್ಲಿ ಬಾಳಿಕೆ ಬರುವಂಥ ಬದಲಾವಣೆ ಅಷ್ಟಾಗಿ ಕಾಣಲಿಲ್ಲ.

ಈ ಅಂಕಿಗಳನ್ನು ಹಿಡಿದು ಸೇವಾ ಪ್ರವಾಸಗಳನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕಬಹುದು. ಅದಷ್ಟೇ ಸಾಕಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಆ 30,000 ಡಾಲರಿನಲ್ಲಿ ಬಹುಪಾಲು ಮನೆಗಾಗಿ ಖರ್ಚಾದದ್ದೇ ಅಲ್ಲ, ಒಂದು ಅನುಭವಕ್ಕಾಗಿ. ಅನುಭವಕ್ಕೆ ದುಡ್ಡು ಕೊಡುವುದು ತಪ್ಪೇನಲ್ಲ, ಹಂಪಿಗೆ ಹೋಗುವವರೂ ಕೊಡುತ್ತಾರೆ. ತಕರಾರು ಇರುವುದು ಆ ಖರ್ಚನ್ನು ಸೇವೆಯ ಖಾತೆಗೆ ಬರೆಯುವುದರಲ್ಲಿ. ಹಾಗೆ ಬರೆದ ಕೂಡಲೇ ಹಳ್ಳಿ ಫಲಾನುಭವಿಯಾಗುತ್ತದೆ, ಬಂದವರು ದಾನಿಗಳಾಗುತ್ತಾರೆ, ನಡುವಿನ ಎನ್‌ಜಿಒ ಪುಣ್ಯದ ಏಜೆಂಟ್ ಆಗುತ್ತದೆ. ನಿಜವಾದ ಗಿರಾಕಿ ಯಾರು ಎಂದು ಕೇಳುವವರೇ ಇರುವುದಿಲ್ಲ.

ಈ ಬಗೆಯ ಪ್ರವಾಸವನ್ನು ಒಂದು ದೊಡ್ಡ ಉದ್ಯಮದಂತೆ ಕಟ್ಟಿ ತೋರಿಸಿದ್ದು ಕೆನಡಾದ ‘ವೀ ಚಾರಿಟಿ’. ಅದರ ಹುಟ್ಟಿನ ಕಥೆ ನಿಜಕ್ಕೂ ಚೆನ್ನಾಗಿದೆ. 1995ರಲ್ಲಿ, ಪಾಕಿಸ್ತಾನದ ರತ್ನಗಂಬಳಿ ಮಗ್ಗದ ಜೀತದಿಂದ ಬಿಡಿಸಿಕೊಂಡು ಹೊರಬಂದಿದ್ದ ಇಕ್ಬಾಲ್ ಮಸೀಹ್ ಎಂಬ ಹುಡುಗ ಕೊಲೆಯಾದ ಸುದ್ದಿಯನ್ನು ಒಂಟಾರಿಯೊದ 12 ವರ್ಷದ ಕ್ರೇಗ್ ಕೀಲ್‌ಬರ್ಗರ್ ಪತ್ರಿಕೆಯಲ್ಲಿ ಓದಿದ. ಗೆಳೆಯರನ್ನು ಸೇರಿಸಿ, ಮುಂದೆ ವೀ ಚಾರಿಟಿ ಎಂದು ಹೆಸರಾದ ‘ಫ್ರೀ ದಿ ಚಿಲ್ಡ್ರನ್’ ಶುರುಮಾಡಿದ. ಮಕ್ಕಳೇ ಮಕ್ಕಳ ಪರವಾಗಿ ನಿಲ್ಲುವ ಆ ಸಂಘಟನೆ ಕ್ರಮೇಣ ಕೀನ್ಯಾ, ಇಕ್ವೆಡಾರ್, ನಮ್ಮ ರಾಜಸ್ಥಾನದ ಹಳ್ಳಿಗಳಲ್ಲಿ ಶಾಲೆ, ನೀರು, ಆರೋಗ್ಯ, ಆಹಾರ, ದುಡಿಮೆ ಎಂದು ಕೆಲಸ ಹರಡಿತು. ಪಕ್ಕದಲ್ಲೇ ‘ಮೀ ಟು ವೀ’ ಎಂಬ ಕಂಪನಿ ಬೆಳೆಯಿತು. ಟೀ ಶರ್ಟು, ಕೀನ್ಯಾದ ಮಾಸಾಯಿ ಹೆಂಗಸರು ಪೋಣಿಸಿದ ಮಣಿಸರಗಳ ಜೊತೆಗೆ ಅದೇ ಹಳ್ಳಿಗಳಿಗೆ ಪ್ರವಾಸವನ್ನೂ ಅದು ಮಾರುತ್ತಿತ್ತು. ಲಾಭದಲ್ಲಿ ಅರ್ಧ ಚಾರಿಟಿಗೆ, ಉಳಿದರ್ಧ ಉದ್ಯಮಕ್ಕೆ ಎಂಬುದು ಅವರು ಹೇಳಿಕೊಂಡ ಲೆಕ್ಕ. ಕೆನಡಾದ ಶಾಲಾಮಕ್ಕಳು, ಅಪ್ಪ ಅಮ್ಮಂದಿರು, ಕಂಪನಿಗಳ ದೊಡ್ಡವರು ಮಾಸಾಯಿ ಮಾರಾಕ್ಕೆ ಹೋಗಿ ಶಾಲೆಯ ಗೋಡೆಗೆ ನಾಲ್ಕು ಸಾಲು ಕಲ್ಲು ಏರಿಸಿ, ಹೆಂಗಸರ ಜೊತೆ ನೀರಿನ ಕೊಡ ಹೊತ್ತು ನಡೆದು, ಸಂಜೆ ಬೆಂಕಿಯ ಸುತ್ತ ಕೂತು ನಾಯಕತ್ವದ ಬಗ್ಗೆ ಮಾತಾಡಿ ಬಂದರು.

ಇಲ್ಲಿ ನಾನು ಗಮನಿಸುವುದು ವ್ಯವಸ್ಥೆಯ ಜೋಡಣೆಯನ್ನು. ಒಂದು ಕೈ ಹಳ್ಳಿಯನ್ನು ಉದ್ಧಾರ ಮಾಡುತ್ತದೆ, ಇನ್ನೊಂದು ಕೈ ಆ ಉದ್ಧಾರವನ್ನು ನೋಡಲು ಜನರನ್ನು ಕರೆತರುತ್ತದೆ. ಬಂದವರಿಗೆ ಮಾಡಲು ಏನಾದರೂ ಕೆಲಸ ಬೇಕು. ಕೌಶಲ ಬೇಡದ್ದು, ಅಪಾಯವಿಲ್ಲದ್ದು, ಕೈಗೆ ಮಣ್ಣು ಹತ್ತುವಂಥದ್ದು, ಫೋಟೊದಲ್ಲಿ ಕಾಣುವಂಥದ್ದು. ಶಾಲೆಯ ಗೋಡೆಗಿಂತ ಒಳ್ಳೆಯದು ಯಾವುದಿದೆ? ಶಿಕ್ಷಕರ ಸಂಬಳ ಫೋಟೊದಲ್ಲಿ ಕಾಣುವುದಿಲ್ಲ, ಕೊಳವೆಬಾವಿಯ ಮೋಟಾರು ಕೆಟ್ಟಾಗ ರಿಪೇರಿ ಮಾಡುವವನ ಕೂಲಿಯಂತೂ ಕಾಣುವುದೇ ಇಲ್ಲ. ಅಲ್ಲದೆ ಈ ತಂಡ ಗೋಡೆ ಪೂರ್ತಿ ಮುಗಿಸಿಬಿಟ್ಟರೆ ಮುಂದಿನ ತಂಡಕ್ಕೆ ಏನು ಕೆಲಸ? ಇಂಥ ಕಾರ್ಯಕ್ರಮದಲ್ಲಿ ಯಾರೂ ಕೆಟ್ಟವರಾಗದೆಯೇ ಹಳ್ಳಿಯ ಅಗತ್ಯಗಳು ಪ್ರವಾಸಿಯ ಕ್ಯಾಲೆಂಡರಿಗೆ ತಕ್ಕಂತೆ ತಿರುಗಿಕೊಳ್ಳುತ್ತವೆ. ನಮ್ಮ ಮದುವೆ ಮನೆಗಳಲ್ಲಿ ನೆಂಟರು ಅಡುಗೆಮನೆಗೆ ನುಗ್ಗಿ ‘ನಾವೂ ಕೈಜೋಡಿಸ್ತೀವಿ’ ಎಂದಾಗ ಭಟ್ಟರು ಪಾಪ ಒಂದು ಬುಟ್ಟಿ ಹುರುಳಿಕಾಯಿ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಾರಲ್ಲ, ಅದೇ.

2020ರಲ್ಲಿ ಈ ಜೋಡಣೆ ಬೇರೆ ಕಾರಣಕ್ಕೆ ಬಯಲಿಗೆ ಬಂತು. ಕೆನಡಾ ಸರ್ಕಾರ ವಿದ್ಯಾರ್ಥಿಗಳ ಸೇವಾ ಅನುದಾನದ ಯೋಜನೆಯೊಂದನ್ನು ವೀ ಚಾರಿಟಿಗೆ ವಹಿಸಿತು, ಗದ್ದಲವೆದ್ದು ಜುಲೈ ಆರಂಭದಲ್ಲೇ ಒಪ್ಪಂದ ಮುರಿಯಿತು. ಹಣಕಾಸು ಸಚಿವರಾಗಿದ್ದ ಬಿಲ್ ಮಾರ್ನೊ, 2017ರಲ್ಲಿ ತಮ್ಮ ಕುಟುಂಬ ಕೀನ್ಯಾ ಮತ್ತು ಇಕ್ವೆಡಾರ್‌ಗೆ ಹೋಗಿದ್ದಾಗ ಸಂಸ್ಥೆಯೇ ಭರಿಸಿದ್ದ ಖರ್ಚು 41,366 ಡಾಲರನ್ನು ಆಗ ವಾಪಸು ಕಟ್ಟಿದರು, ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರು ಹಿತಾಸಕ್ತಿ ಸಂಘರ್ಷದ ಕಾಯ್ದೆ ಮೀರಿದ್ದಾರೆ ಎಂದು ಮರುವರ್ಷ ಎಥಿಕ್ಸ್ ಕಮಿಷನರ್ ತೀರ್ಮಾನಿಸಿದರು. ಆಗ ಪ್ರಧಾನಿಯಾಗಿದ್ದ ಟ್ರುಡೊ ಮೇಲಿನ ಆರೋಪ ಸಾಬೀತಾಗಲಿಲ್ಲ. ರಾಜಕೀಯ ಅವರಿಗೇ ಇರಲಿ. ನನಗೆ ಮುಖ್ಯವೆನಿಸಿದ್ದು ಶ್ರೀಮಂತ ಕುಟುಂಬವೊಂದಕ್ಕೆ ಹಳ್ಳಿಯನ್ನು ಪುಕ್ಕಟೆ ತೋರಿಸಿದ್ದರ ಹಿಂದಿನ ಲೆಕ್ಕಾಚಾರ. ಮುಂದೆ ದೊಡ್ಡ ದಾನಿಗಳಾಗಬಹುದಾದವರನ್ನು ಹೀಗೆ ಕರೆದೊಯ್ದು ಕೆಲಸ ತೋರಿಸುವುದು ಈ ಲೋಕದಲ್ಲಿ ಮಾಮೂಲು. ಅಂದರೆ ಪ್ರವಾಸವೇ ಜಾಹೀರಾತು, ಊರು ಅದರ ಷೋರೂಮ್.

2021ರಲ್ಲಿ ಸಂಸದೀಯ ಸಮಿತಿಯ ಮುಂದೆ ಅಮೆರಿಕದ ತಂದೆಯೊಬ್ಬರು ಹೇಳಿದ್ದು ಇನ್ನೂ ಕಠಿಣ. ತೀರಿಹೋದ ಮಗನ ನೆನಪಿಗೆ ಹಣ ಕೂಡಿಸಿ ಕೀನ್ಯಾದಲ್ಲಿ ಕಟ್ಟಿಸಿದ ಶಾಲೆಯ ಮೇಲಿನ ಫಲಕ ತೆಗೆದು ಅಲ್ಲಿ ಬೇರೆ ದಾನಿಯ ಹೆಸರು ಹಾಕಲಾಗಿತ್ತು ಎಂದು ಅವರು ಸಾಕ್ಷ್ಯ ನುಡಿದರು. ಅದು ಕಣ್ತಪ್ಪಿನಿಂದ ಆದದ್ದು ಎಂದು ಸಂಸ್ಥೆ ಕ್ಷಮೆ ಕೇಳಿತು, ದಾನಿಗಳನ್ನು ವಂಚಿಸಿದ ಆರೋಪವನ್ನು ಇಂದಿಗೂ ಒಪ್ಪಿಲ್ಲ. ಕಣ್ತಪ್ಪೆಂದೇ ಇಟ್ಟುಕೊಳ್ಳೋಣ. ಆ ಚರ್ಚೆಯುದ್ದಕ್ಕೂ ಶಾಲೆ ಯಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ದಾನಿಗಳ ಪಟ್ಟಿಯಲ್ಲಿ. ಅಲ್ಲಿ ಓದುವ ಮಕ್ಕಳದು, ಊರಿನದು ಎಂದು ಹೇಳಿದವರ ದನಿ ಅಷ್ಟಾಗಿ ಕೇಳಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಶಾಲೆಗಳು ಎದ್ದದ್ದು ಸುಳ್ಳಲ್ಲ, ಅವುಗಳಲ್ಲಿ ಮಕ್ಕಳು ಓದಿದ್ದೂ ಸುಳ್ಳಲ್ಲ.

ಈ ವಾದ ಹೊಸದೇನಲ್ಲ. 1968ರ ಏಪ್ರಿಲ್ 20ರಂದು ಚಿಂತಕ ಇವಾನ್ ಇಲಿಚ್, ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ವಿದ್ಯಾರ್ಥಿಗಳ ಮುಂದೆ ನಿಂತು, ನೀವು ಬರಲೇಬೇಡಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ನೋಡಲು ಬನ್ನಿ, ಬೆಟ್ಟ ಹತ್ತಿ, ಓದಲು ಬನ್ನಿ, ಸಹಾಯ ಮಾಡಲು ಮಾತ್ರ ಬೇಡ ಎಂಬುದು ಅವರ ಮಾತಿನ ತಿರುಳು. ಅವರ ಮಾತನ್ನು ಉಲ್ಲೇಖಿಸುವವರು ಮರೆಯುವ ಸಂಗತಿ ಒಂದಿದೆ: ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಇಲಿಚ್ ಸ್ವತಃ ಒಂದು ಕೇಂದ್ರ ನಡೆಸುತ್ತಿದ್ದರು. ಪರದೇಶದವರು ದುಡ್ಡು ಕೊಟ್ಟು ಬಂದು ಸ್ಪ್ಯಾನಿಷ್ ಕಲಿಯುತ್ತಿದ್ದರು, ಲ್ಯಾಟಿನ್ ಅಮೆರಿಕದ ಬಗ್ಗೆ ಓದುತ್ತಿದ್ದರು. ಕಲಿಯುವವನು ಶುಲ್ಕ ಕಟ್ಟಬೇಕು, ಕಲಿಸುವವನು ಅದನ್ನು ಪಡೆಯಬೇಕು. ಬಯ್ದದ್ದಕ್ಕಿಂತ ಅವರು ನಡೆಸಿ ತೋರಿಸಿದ ಈ ಏರ್ಪಾಡೇ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ.

ಆದರೆ ಹೊರಗಿನವರು ಸಹಾಯಕ್ಕೆ ಬರಲೇಬಾರದು ಎಂಬ ಇಲಿಚ್ ಹಟವನ್ನು ಬಿಹಾರದ ಒಂದು ಅಧ್ಯಾಯ ಸಡಿಲಿಸುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವೆರ್ದಾಂ ಬಳಿಯ ಒಂದು ಹಳ್ಳಿಯಲ್ಲಿ, ಶತ್ರುದೇಶವಾಗಿದ್ದ ಜರ್ಮನಿಯವರನ್ನೂ ಸೇರಿಸಿಕೊಂಡು ಶ್ರಮದಾನದ ಶಿಬಿರ ಮಾಡಿದರು. ಅಂತರರಾಷ್ಟ್ರೀಯ ಸೇವಾ ಶಿಬಿರಗಳ ಬೇರು ಅದು. 1934ರ ಜನವರಿ 15ರ ಭೂಕಂಪ ಉತ್ತರ ಬಿಹಾರವನ್ನು ಸೀಳಿದಾಗ ಅವರು ಮುಜಫ್ಫರ್‌ಪುರದ ಕಡೆಗೆ ಬಂದರು. ಪರಿಹಾರ ಕಾರ್ಯದ ನೊಗ ಹೊತ್ತಿದ್ದ ರಾಜೇಂದ್ರ ಪ್ರಸಾದರನ್ನು ಕಂಡು ಮಾತಾಡಿ ಹೋಗಿ, ಕೆಲವೇ ಸಂಗಾತಿಗಳೊಂದಿಗೆ ಮರಳಿ ಬಂದು, ನೆರೆಗೆ ಸಿಕ್ಕುವ ಊರುಗಳನ್ನು ಎತ್ತರದ ಜಾಗದಲ್ಲಿ ಹೊಸದಾಗಿ ಕಟ್ಟುವ ಕೆಲಸದಲ್ಲಿ ತೊಡಗಿದರು. ಅದು 1937ರವರೆಗೂ ನಡೆಯಿತು. ಅವರು ಬಂದದ್ದು ವಾರದ ಲೆಕ್ಕದಲ್ಲಲ್ಲ. ಕೈಯಲ್ಲಿ ಎಂಜಿನಿಯರಿಂಗ್ ವಿದ್ಯೆಯಿತ್ತು, ಆ ಕೆಲಸಕ್ಕೆ ಅದು ಬೇಕಿತ್ತು. ಮುಖ್ಯವಾಗಿ, ಕರೆಯುವ, ಒಪ್ಪುವ, ಬೇಡವೆನ್ನುವ ಶಕ್ತಿಯಿದ್ದ ಸ್ಥಳೀಯ ಸಂಘಟನೆ ಅಲ್ಲಿ ಮೊದಲೇ ಇತ್ತು. ಬಿಳಿಯರು ಬುಟ್ಟಿಯಲ್ಲಿ ಮಣ್ಣು ಹೊರುವುದು ಬ್ರಿಟಿಷರ ಕಾಲದ ಬಿಹಾರದಲ್ಲಿ ಒಂದು ನೋಟವೇ ಆಗಿತ್ತೆಂಬುದೂ ನಿಜ. ಅಷ್ಟು ನಾಟಕವನ್ನು ಮನ್ನಿಸಬಹುದು.

ಮನ್ನಿಸಲಾಗದ್ದು ಅನಾಥಾಲಯ ಪ್ರವಾಸ. ಕಾಂಬೋಡಿಯಾದಲ್ಲಿ 2005ರಿಂದ ಐದು ವರ್ಷಗಳಲ್ಲಿ ಅನಾಥಾಲಯಗಳ ಸಂಖ್ಯೆ ಮುಕ್ಕಾಲು ಪಾಲು ಏರಿತು. ಅಲ್ಲಿದ್ದ ನಾಲ್ಕರಲ್ಲಿ ಮೂರು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದರು ಎಂದು ಯುನಿಸೆಫ್ ಹೇಳಿತು. ಮಗುವಿನ ಜೊತೆ ಆಡಿ ಬರಲು ದುಡ್ಡು ಕೊಡುವವರು ಇದ್ದರೆ ಮಗುವನ್ನು ಒದಗಿಸುವವರೂ ಹುಟ್ಟುತ್ತಾರೆ. ಇದರ ಬಗ್ಗೆ ಆಕಡೆ ಈಕಡೆ ಎಂದು ತೂಗಿ ಮಾತಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಕಾಡುಕುರುಬರ ನಡುವೆ ಕೆಲಸ ಮಾಡುತ್ತ ಬಂದಿದೆ. ಕೆಂಚನಹಳ್ಳಿ, ಸರಗೂರುಗಳ ಆಸ್ಪತ್ರೆ, ಹೊಸಹಳ್ಳಿಯ ಶಾಲೆ ಈ ಭಾಗದವರಿಗೆ ಗೊತ್ತಿರುವುದೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಮೈಸೂರಿಗೆ ಬಂದು ಈ ಸಂಸ್ಥೆಯ ಆಶ್ರಯದಲ್ಲಿ ಸಾರ್ವಜನಿಕ ಆರೋಗ್ಯ, ಅಭಿವೃದ್ಧಿಯ ಪಾಠ ಕೇಳಿದ್ದಾರೆ. ಬಾಲಸುಬ್ರಹ್ಮಣ್ಯಂ ಅವರೂ ಕಾರ್ನೆಲ್‌ಗೆ ಹೋಗಿ ಪಾಠ ಮಾಡಿದವರು. ಹುಡುಗರು ಬರುವುದು ಕಲಿಯಲು, ಕಲಿಸುವವರು ಮೈಸೂರಿನವರು. ಇಷ್ಟೇ ಬದಲಾವಣೆಯಿಂದ ಗೋಡೆ ಕಟ್ಟುವ ಪ್ರವಾಸಕ್ಕಿಂತ ಇದು ಎಷ್ಟೋ ಮೇಲಿನ ಮಾದರಿಯಾಗುತ್ತದೆ. ನಮ್ಮ ವಿದೇಶಿ ದೇಣಿಗೆ ಕಾಯ್ದೆಯೂ, ಎಂದರೆ ಎಫ್‌ಸಿಆರ್‌ಎ, ಸೇವೆಗೆ ಅಥವಾ ಶಿಕ್ಷಣಕ್ಕೆ ಪ್ರತಿಯಾಗಿ ಪಡೆದ ಶುಲ್ಕವನ್ನು ದೇಣಿಗೆಯೊಳಗೆ ಸೇರಿಸುವುದಿಲ್ಲ. ನೈತಿಕವಾಗಿ ತಡವರಿಸುವ ಜಾಗದಲ್ಲಿ ಕಾನೂನಿಗೆ ಗೊಂದಲವಿಲ್ಲ.

ಆದರೂ ಒಂದು ಕೊರತೆ ಉಳಿಯುತ್ತದೆ, ಈ ಬಗೆಯ ಎಲ್ಲ ಏರ್ಪಾಡುಗಳಿಗೂ ಅನ್ವಯಿಸುವಂಥದ್ದು. ‘ಸಮುದಾಯ ಸಹಭಾಗಿತ್ವ’ ಎಂಬ ಒಡಂಬಡಿಕೆಗೆ ಸಾಮಾನ್ಯವಾಗಿ ಸಹಿ ಹಾಕುವವರು ಒಂದು ವಿಶ್ವವಿದ್ಯಾಲಯ, ಒಂದು ಎನ್‌ಜಿಒ. ಹಾಡಿಯ ಯಜಮಾನ ಆ ಕಾಗದದ ಮೇಲೆ ಇರುವುದಿಲ್ಲ. ಬಂಡೀಪುರದ ಹುಲಿ ಯೋಜನೆಗೂ ಕಬಿನಿಯ ನೀರಿಗೂ ಜಾಗ ಬಿಟ್ಟುಕೊಟ್ಟವರ ಬದುಕು ಪಠ್ಯವಾಗುವಾಗ, ಪಠ್ಯಕ್ಕೆ ಅವರ ಒಪ್ಪಿಗೆ ಬೇಡವೇ? ಇದು ಹಗಲುಗನಸೇನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡಿನ ಮೇಲೆ ಮಾತಿನ ಹಕ್ಕು ಕೊಟ್ಟಿದೆ, ಬಿಳಿಗಿರಿರಂಗನಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಹಕ್ಕು ಪಡೆದಿದ್ದಾರೆ. ಜೇನು, ನೆಲ್ಲಿಕಾಯಿಯ ಬಗ್ಗೆ ತೀರ್ಮಾನಿಸಬಲ್ಲ ಸಭೆ ಈ ವರ್ಷ ಎಷ್ಟು ಮಂದಿ ವಿದ್ಯಾರ್ಥಿಗಳು ಬರಬೇಕು, ಯಾವ ತಿಂಗಳು ಬೇಡ, ಎಷ್ಟು ಶುಲ್ಕ ಎಂಬುದನ್ನೂ ತೀರ್ಮಾನಿಸಬಲ್ಲದು.

ನಮ್ಮವರೂ ಈಗ ಈ ಪ್ರವಾಸಗಳ ಗಿರಾಕಿಗಳು. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳ ಮಕ್ಕಳಿಗೆ ಸೇವಾ ಚಟುವಟಿಕೆ ಪಠ್ಯಕ್ರಮದ ಭಾಗ. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಮಗ ಮಗಳ ಕಾಲೇಜು ಅರ್ಜಿಗೆ ಒಂದು ತೂಕ ಸಿಗಲಿ ಎಂದು ಬೇಸಿಗೆಯಲ್ಲಿ ಊರಿಗೆ ಕಳಿಸಿ, ಅಜ್ಜಿ ಮನೆ ಪಕ್ಕದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡಿಸುವುದುಂಟು. (ನಮ್ಮ ಎನ್ನೆಸ್ಸೆಸ್ ಶಿಬಿರಗಳೂ ಏಳು ದಿನದಲ್ಲಿ ಊರಿನ ಚರಂಡಿ ತೆಗೆದು ಬಂದಿವೆ. ಆದರೆ ಅಲ್ಲಿ ಊಟ ಹಾಕಿದ ಊರಿನವರಿಗೆ ತಮಾಷೆ ಮಾಡುವ ಸಲುಗೆಯಾದರೂ ಇರುತ್ತಿತ್ತು.) ಆ ತಂದೆತಾಯಂದಿರಿಗೆ ಒಂದು ಮಾತು. ದುಡ್ಡು ಕಟ್ಟುವ ಮೊದಲು ಆಯೋಜಕರನ್ನು ಕೇಳಿ: ಈ ಶುಲ್ಕದಲ್ಲಿ ಹಳ್ಳಿಗೆ ಎಷ್ಟು ಹೋಗುತ್ತದೆ, ಯಾರ ಕೈಗೆ? ಆ ಊರು ಎಂದಾದರೂ ಒಂದು ತಂಡವನ್ನು ಬೇಡವೆಂದು ವಾಪಸು ಕಳಿಸಿದ್ದುಂಟೇ? ನೆಟ್ಟಗೆ ಉತ್ತರ ಬರದಿದ್ದರೆ ಮಕ್ಕಳನ್ನು ಮಲೆನಾಡಿನ ಯಾವುದಾದರೂ ಹೋಂಸ್ಟೇಗೆ ಕರೆದುಕೊಂಡು ಹೋಗಿ, ಬಾಡಿಗೆ ಪೂರ್ತಿ ಕೊಡಿ, ಚೌಕಾಸಿ ಮಾಡಬೇಡಿ, ಸರ್ಟಿಫಿಕೇಟ್ ಕೇಳಬೇಡಿ.