ಸ್ಥಿರಾಂಕಗಳ ಪ್ರತಿಲಿಪಿ: ಒಂದು ವಿಮರ್ಶೆ

ಹಸ್ತಪ್ರತಿಯೊಂದನ್ನು ಪರಿಶೋಧಿಸುವವರು ಅದರ ಮೂಲ ಯಾವುದು, ಕಾಲ ಯಾವುದು ಎಂದು ಮೊದಲು ವಿಚಾರಿಸುತ್ತಾರೆ. ಗಣಕಯಂತ್ರದಿಂದ ನಡೆಯುವ ವೈಜ್ಞಾನಿಕ ಗಣನೆಗಳಲ್ಲಿಯೂ ಈ ವಿಚಾರಣೆ ಅವಶ್ಯವೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1957ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಹೊರತಂದ ಫೋರ್ಟ್ರಾನ್ ಭಾಷೆ ಇಂದಿಗೂ ವಿಜ್ಞಾನಿಗಳ ಬಳಕೆಯಲ್ಲಿದೆ. ಸಿ ಭಾಷೆಯಲ್ಲಿ ರಚಿತವಾದ ಗ್ನೂ ಸೈಂಟಿಫಿಕ್ ಲೈಬ್ರರಿಯ ಗಣನವಿಧಿಗಳನ್ನು ಫೋರ್ಟ್ರಾನಿನಿಂದ ಕರೆಯಲು ಫೋರ್ಟ್ರಾನ್ 2003 ಎಂಬ ಪ್ರಮಾಣಕವು ಕ್ರಮಬದ್ಧವಾದ ಮಾರ್ಗವನ್ನು ಒದಗಿಸಿತು. ಆದರೆ ಆ ಲೈಬ್ರರಿಯ ಭೌತ ಸ್ಥಿರಾಂಕಗಳಿಗೆ ಈ ಮಾರ್ಗ ಸಲ್ಲದು. ಅವು ಹೆಡರ್ ಕಡತಗಳಲ್ಲಿ ಮ್ಯಾಕ್ರೋಗಳಾಗಿವೆ. ಎಂದರೆ, ಸಿ ಕಂಪೈಲರ್ ತನ್ನ ಕಾರ್ಯದ ಆರಂಭದಲ್ಲಿಯೇ ಹೆಸರನ್ನು ತೆಗೆದು ಅದರ ಸ್ಥಾನದಲ್ಲಿ ಸಂಖ್ಯೆಯನ್ನಿಡುತ್ತದೆ. ಸಿದ್ಧವಾದ ಲೈಬ್ರರಿಯಲ್ಲಿ ಆ ಹೆಸರೇ ಉಳಿಯದಿರಲು ಫೋರ್ಟ್ರಾನ್ ಅದನ್ನು ಕಂಡುಕೊಳ್ಳುವುದೆಂತು? ಆದುದರಿಂದ ಸಂಖ್ಯೆಗಳನ್ನು ಕೈಯಿಂದ ನಕಲು ಮಾಡುವ ರೂಢಿ ಬೆಳೆದಿದೆ.

ಈ ರೂಢಿಯಲ್ಲಿ ಎರಡು ದೋಷಗಳುಂಟು. ಘಾತವನ್ನು ‘ಇ’ ಅಕ್ಷರದಿಂದ ಸೂಚಿಸಿದ ಸಂಖ್ಯೆಯು ಸಿ ಭಾಷೆಯಲ್ಲಿ ಸುಮಾರು 15 ಅಂಕಿಗಳ ನಿಖರತೆಯುಳ್ಳದ್ದು. ಅದೇ ಬರಹ ಫೋರ್ಟ್ರಾನಿನಲ್ಲಿ ಸಾಮಾನ್ಯವಾಗಿ ಸುಮಾರು 7 ಅಂಕಿಗಳದು. ಲಿಪಿಕಾರನು ಒಂದಕ್ಷರವನ್ನೂ ತಪ್ಪದೆ ಬರೆದರೂ ಅರ್ಥ ಕೆಡುತ್ತದೆ.

ಎರಡನೆಯದು ಕಾಲದ ದೋಷ. 2021ರಲ್ಲಿ ಪ್ರಕಟವಾದ ಲೈಬ್ರರಿಯ 2.7ನೆಯ ಆವೃತ್ತಿಯಲ್ಲಿ ಪ್ಲಾಂಕ್ ಸ್ಥಿರಾಂಕದ ಬೆಲೆ 6.62606896 × 10⁻³⁴ ಜೌಲ್-ಸೆಕೆಂಡ್; ಇದು ಕೊಡಾಟಾ ಸಮಿತಿಯ 2006ರ ಶಿಫಾರಸು. 2019ರ ಮೇ 20ರಿಂದ ಅದರ ಬೆಲೆ 6.62607015 × 10⁻³⁴ ಎಂದು ನಿಶ್ಚಿತವಾಗಿದೆ. ವ್ಯತ್ಯಾಸ ಕೋಟಿಯಲ್ಲಿ ಸುಮಾರು ಎರಡು ಭಾಗ ಮಾತ್ರ. ಆದರೆ ಸೂಕ್ಷ್ಮ ಮಾಪನಗಳಲ್ಲಿ ಅದು ಅಲ್ಪವಲ್ಲ. ಆವೃತ್ತಿಯನ್ನು ಹೇಳದ ಪ್ರತಿಯಲ್ಲಿ ಈ ಹಳಮೆಯನ್ನು ಗುರುತಿಸುವ ಬಗೆಯೇ ಇಲ್ಲ.

ಚಿಕ್ಕದೊಂದು ಸಿ ಕಡತದಲ್ಲಿ ಪ್ರತಿ ಮ್ಯಾಕ್ರೋದ ಬೆಲೆಯನ್ನೂ ಹೆಸರುಳ್ಳ ಚರಾಂಶವೊಂದಕ್ಕೆ ಕೊಟ್ಟು, ಅದನ್ನು ಫೋರ್ಟ್ರಾನಿಗೆ ಬಂಧಿಸುವುದು ಉತ್ತಮ ಮಾರ್ಗ. ಹಳೆಯ ಬೆಲೆಯನ್ನು ಇದು ತಾನಾಗಿ ತಿದ್ದದು; ಆದರೆ ಮೂಲ ತಿದ್ದಲ್ಪಟ್ಟು ಕಡತವನ್ನು ಮತ್ತೆ ಕಂಪೈಲ್ ಮಾಡಿದಾಗ ತಾನೂ ತಿದ್ದಿಕೊಳ್ಳುತ್ತದೆ. ಹೀಗೆ ಬಂದ ಬೆಲೆ ಕಂಪೈಲ್ ಆಗುವ ಕಾಲದಲ್ಲಿ ಫೋರ್ಟ್ರಾನಿಗೆ ತಿಳಿದಿರುವುದಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಅದು ತಿಳಿದಿರಲೇಬೇಕಾದೆಡೆ ನಕಲು ಅನಿವಾರ್ಯ. ಆಗ ನಿಖರತೆಯ ಸೂಚನೆಯೊಡನೆ ಮೂಲದ ಆವೃತ್ತಿಯನ್ನೂ ವರ್ಷವನ್ನೂ ನಮೂದಿಸುವುದು ಕರ್ತವ್ಯ. ಆಧಾರವನ್ನು ಹೇಳದ ಸಂಖ್ಯೆ ಆಧಾರವಿಲ್ಲದ ಸಂಖ್ಯೆಗಿಂತ ಹೆಚ್ಚಿನ ಗೌರವಕ್ಕೆ ಅರ್ಹವಲ್ಲ.