ಬಾಲ ನೋಡಿ, ಗರುಡ ಅನ್ನಿ

ಬೇತಮಂಗಲದ ಕೆರೆ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತವರು ಮೊದಲು ಕಲಿಯಬೇಕಾದದ್ದು ಬಾಲ ನೋಡುವುದನ್ನು. ನೆತ್ತಿಯ ಮೇಲೆ ಸುತ್ತುವ ಹಕ್ಕಿಯ ಬಾಲದ ತುದಿ ಕವಲೊಡೆದಿದ್ದರೆ ಅದು ಊರಲ್ಲೆಲ್ಲ ಕಾಣುವ ಹದ್ದು. ಬೀಸಣಿಗೆಯಂತೆ ದುಂಡಗಿದ್ದರೆ ಗರುಡ.

ಬೆಳೆದ ಗರುಡನಿಗೆ ಈ ಪರೀಕ್ಷೆಯೂ ಬೇಡ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆಗೆಂಪು ಮೈ, ರೆಕ್ಕೆಯ ತುದಿಗೆ ಕಪ್ಪು: ಬಿಸಿಲು ಬಿದ್ದ ನೀರಿನ ಮೇಲೆ ಇದಕ್ಕಿಂತ ಚೆಲುವಾದ ಬೇಟೆಹಕ್ಕಿ ನಮ್ಮ ಬಯಲುಸೀಮೆಯಲ್ಲಿಲ್ಲ. ತೊಡಕಿರುವುದು ಎಳೆಯ ಗರುಡನಲ್ಲಿ. ಅದರ ಮೈಯೆಲ್ಲ ಕಂದು, ದೊಡ್ಡವರ ಬಣ್ಣ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಹದ್ದೆಂದೇ ಎಷ್ಟೋ ಜನ ಬರೆದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಜೌಗು ಸೆಳೆವ ಎಂಬ ಬೇಟೆಹಕ್ಕಿಯೂ ಕಂದು ಬಣ್ಣದ್ದೇ. ಆದರೆ ಅದು ರೆಕ್ಕೆಗಳನ್ನು ತುಸು ಮೇಲೆತ್ತಿ, ಜೊಂಡಿನ ನೆತ್ತಿ ಸವರುವಷ್ಟು ಕೆಳಗೆ ತೇಲುತ್ತದೆ. ಈ ಮೂರನ್ನೂ ಬಿಡಿಸಿ ಗುರುತಿಸಬಲ್ಲ ಕಣ್ಣು ಪಳಗಿದ ಕಣ್ಣು.

ಪಾಲಾರ್ ನದಿಗೆ ಕಟ್ಟಿದ ಈ ಕೆರೆಯ ನೀರು ಒಂದು ಕಾಲಕ್ಕೆ ಕೆಜಿಎಫ್ ಚಿನ್ನದ ಗಣಿ ಕಾಲೊನಿಗಳ ನಲ್ಲಿಗಳಿಗೆ ಹೋಗುತ್ತಿತ್ತು. ಗಣಿ 2001ರಲ್ಲಿ ಮುಚ್ಚಿತು, ಕೆರೆ ಉಳಿಯಿತು. ಗರುಡನಿಗೆ ಬೇಕಾದದ್ದು ಮೀನು, ಏಡಿ, ಕಪ್ಪೆ. ಸತ್ತು ತೇಲುವ ಮೀನನ್ನೂ ಎತ್ತಿಕೊಳ್ಳುತ್ತದೆ. ಹಾಗಾಗಿ ಕೆರೆಯಲ್ಲಿ ನೀರಿರುವ ವರ್ಷಗಳೇ ಅದನ್ನು ಹುಡುಕಲು ಹದವಾದ ವರ್ಷಗಳು. ಇನ್ನು ಪುರಾಣದ ಗರುಡನಿಗೆ ಪಕ್ಕದ ಮುಳಬಾಗಿಲು ತಾಲ್ಲೂಕಿನ ಕೊಲದೇವಿಯಲ್ಲಿ ಒಂದು ಗುಡಿಯೇ ಇದೆ. ಲಕ್ಷ್ಮೀ ನಾರಾಯಣರನ್ನು ಹೊತ್ತು ಮಂಡಿಯೂರಿದ ಗರುಡ ಅಲ್ಲಿಯ ಮೂಲಮೂರ್ತಿ.

ಹಕ್ಕಿ ನೋಡುವವರ ಜೊತೆಗೆ ಈಗ ಜಿಪಿಎಸ್ ನೆರವಿನಿಂದ ಬಚ್ಚಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಹವ್ಯಾಸದವರೂ ಕೆರೆ, ಪಾರ್ಕು ಸುತ್ತುತ್ತಾರೆ. ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಬ್ಬಾಗಿಸುವುದನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಆರೆಗಾನ್‌ನ ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಬಕೆಟ್ ಸಿಕ್ಕವರು ಅದರಿಂದ ಏನಾದರೂ ತೆಗೆದುಕೊಳ್ಳಬಹುದು, ಬದಲಿಗೆ ಏನಾದರೂ ಇಡಬೇಕು. ಇಂದು ಜಗತ್ತಿನಾದ್ಯಂತ ಇಂಥ ಬಚ್ಚಿಟ್ಟ ಡಬ್ಬಿಗಳು ಲಕ್ಷಗಟ್ಟಲೆ ಇವೆ. ಮೊಬೈಲ್ ನೋಡುತ್ತ ನಡೆವವನಿಗೆ ದಾರಿಯಲ್ಲಿ ತಲೆಯೆತ್ತಲು ಗರುಡನಿಗಿಂತ ಒಳ್ಳೆಯ ನೆಪ ಬೇಕೆ?

ಎರಡೂ ಹವ್ಯಾಸಗಳಿಗೆ ಜಾಗವೇ ಜೀವಾಳ. ಡಬ್ಬಿಯ ಜಾಗವನ್ನು ಊರಿಗೆಲ್ಲ ಸಾರಬೇಕು. ಗೂಡಿನ ಜಾಗವನ್ನು ಸಾರಲೇಬಾರದು. ದಕ್ಷಿಣದಲ್ಲಿ ಗರುಡ ಗೂಡು ಕಟ್ಟುವುದು ಹೆಚ್ಚಾಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ನೀರಿನ ಹತ್ತಿರದ ಎತ್ತರದ ಮರಗಳಲ್ಲಿ. ಜನ ಬುಡದಲ್ಲಿ ಗುಂಪುಗೂಡಿದರೆ ತಾಯಿ ಹಕ್ಕಿ ಎದ್ದುಹೋಗುತ್ತದೆ, ಮೊಟ್ಟೆಗೆ ಬಿಸಿಲು ತಾಗುತ್ತದೆ, ಕಾಗೆ ಬಂದು ಕೂರುತ್ತದೆ. ಆ ತಿಂಗಳುಗಳಲ್ಲಿ ದಾಖಲೆಗೆ ಕೆರೆಯ ಹೆಸರು, ದಿನಾಂಕ, ಹಕ್ಕಿಗಳ ಸಂಖ್ಯೆ ಸಾಕು. ಎಳೆಯದೋ ಬೆಳೆದದ್ದೋ ಎಂದೂ ಬರೆದರೆ, ಈ ಕೆರೆಯ ಸುತ್ತ ಗರುಡನ ಸಂತಾನ ಬೆಳೆಯುತ್ತಿದೆಯೇ ಎಂಬುದಕ್ಕೆ ಸುಳಿವು ಅಲ್ಲೇ ಸಿಗುತ್ತದೆ.