ಒಂದು ಕೈ, ಒಂದು ಕಾಲು

ಮೂಡುಬಿದಿರೆಯ ಕಾಲೇಜೊಂದರಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಈ ಸಲ ರಜೆಗೆ ಬಂಟ್ವಾಳದ ನಮ್ಮ ಮನೆಗೆ ಬಂದಾಗ ಚೀಲದ ತುಂಬ ಜಪಾನಿನ ಚಿತ್ರಕಥೆಗಳನ್ನು ತಂದಿದ್ದಳು. ಇವುಗಳಿಗೆ ‘ಮಾಂಗಾ’ ಎಂದು ಹೆಸರಂತೆ. ಕಾಸರಗೋಡಿನ ಕಡೆ ನೆಂಟರಿರುವ ನಮಗೆ ಮಾಂಗಾ ಎಂದರೆ ಮಾವು. ಹೆಸರಿನಿಂದಲೇ ನನಗೊಂದು ಬಗೆಯ ಪ್ರೀತಿ ಹುಟ್ಟಿತು. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಓದಬೇಕಾದದ್ದು ಬಲದಿಂದ ಎಡಕ್ಕೆ, ನಮ್ಮ ಲೆಕ್ಕದ ಕಡೆಯ ಪುಟದಿಂದ. ಇದು ತಿಳಿಯದೆ ನಾನು ಅರ್ಧ ಗಂಟೆ ಓದಿದ ಮೇಲೆ, “ಅಜ್ಜ, ನೀವು ಕತೆಯ ಕೊನೆಯನ್ನೇ ಮೊದಲು ಓದ್ತಾ ಇದ್ದೀರಿ” ಎಂದು ಅವಳು ನಕ್ಕಳು. ಮತ್ತೆ ಸರಿಯಾದ ದಿಕ್ಕಿನಿಂದ ಹೊರಟವನು ಇಪ್ಪತ್ತೇಳು ಸಂಪುಟಗಳನ್ನೂ ಓದಿ ಮುಗಿಸಿದೆ.

ಮಾಯಾಮಂತ್ರದ ಕತೆ ಮಕ್ಕಳಿಗಷ್ಟೇ ಸಲ್ಲತಕ್ಕದ್ದು ಎಂಬ ಅಭಿಪ್ರಾಯ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ನಾನದನ್ನು ಎಂದೂ ಒಪ್ಪಿದವನಲ್ಲ. ತಾಳಮದ್ದಳೆಯ ಊರಿನಲ್ಲಿ ಹುಟ್ಟಿದವನು ಒಪ್ಪುವುದಾದರೂ ಹೇಗೆ? ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ, ರಾಮ ಉತ್ತರಿಸುತ್ತಾನೆ, ಬೆಳಗಾಗುತ್ತದೆ. ಮರುದಿನ ಹೋಟೆಲಿನ ಮೇಜಿನ ಮುಂದೆ ಕುಳಿತವರು ಕೋತಿ ಮಾತನಾಡಿತೇ ಎಂದು ಕೇಳುವುದಿಲ್ಲ, ರಾಮ ಮಾಡಿದ್ದು ಸರಿಯೇ ಎಂದು ಕೇಳುತ್ತಾರೆ. ಅದ್ಭುತವನ್ನು ನಾವು ಸುಲಭದಲ್ಲಿ ಒಪ್ಪುತ್ತೇವೆ. ನಮ್ಮ ಜಗಳವೆಲ್ಲ ಪಾತ್ರದ ನಡತೆಯ ಮೇಲೆ.

ನಾನು ಓದಿದ್ದು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’. ಬರೆದು ಚಿತ್ರಿಸಿದವರು ಹಿರೋಮು ಅರಕಾವಾ. ಗಂಡಸಿನ ಹೆಸರಿನಲ್ಲಿ ಬರೆದ ಹೆಂಗಸು, ಹೊಕ್ಕೈಡೊ ದ್ವೀಪದ ಹೈನುಗಾರರ ಮನೆಯವರು. ಕತೆ 2001ರಿಂದ 2010ರವರೆಗೆ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ರಸವಿದ್ಯೆ ಕಲಿತ ಇಬ್ಬರು ಹುಡುಗರು ಸತ್ತ ತಾಯಿಯನ್ನು ಬದುಕಿಸಲು ಹೋಗುತ್ತಾರೆ. ಒಂದನ್ನು ಪಡೆಯಬೇಕಾದರೆ ಅಷ್ಟೇ ಬೆಲೆಯ ಇನ್ನೊಂದನ್ನು ಕೊಡಬೇಕೆಂಬುದು ಆ ವಿದ್ಯೆಯ ಕಟ್ಟಳೆ. ತಾಯಿ ಬರುವುದಿಲ್ಲ. ಅಣ್ಣನ ಒಂದು ಕಾಲು ಹೋಗುತ್ತದೆ, ತಮ್ಮನ ಮೈಯೆಲ್ಲ ಹೋಗುತ್ತದೆ. ತಮ್ಮನ ಜೀವವನ್ನಾದರೂ ಉಳಿಸಿಕೊಳ್ಳಲು ಅಣ್ಣ ತನ್ನ ಒಂದು ಕೈಯನ್ನೂ ಕೊಟ್ಟು, ಆ ಜೀವವನ್ನು ಮೂಲೆಯಲ್ಲಿದ್ದ ಬರಿದಾದ ಉಕ್ಕಿನ ಕವಚಕ್ಕೆ ಕಟ್ಟುತ್ತಾನೆ.

ಒಂದು ಕೈ, ಒಂದು ಕಾಲು. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ.

ಚಿಕ್ಕಂದಿನಲ್ಲಿ ನಮ್ಮ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಿಂದ ಕೇಳಿದ ಕಲ್ಕುಡನ ಪಾಡ್ದನ ನೆನಪಾಯಿತು. ಬರ್ನೆಲ್ ಸಂಗ್ರಹಿಸಿದ, 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದ ತುಳು ಪಾಡ್ದನಗಳಲ್ಲಿಯೂ ಈ ಕತೆ ಉಂಟು. ಶಿಲ್ಪಿ ಬೀರ ಕಲ್ಕುಡ ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದು ನಿಲ್ಲಿಸುತ್ತಾನೆ. ಇಂಥದು ಇನ್ನೊಂದೂರಿನಲ್ಲಿ ಆಗಕೂಡದೆಂದು ಅರಸ ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಕಲ್ಕುಡ ಉಳಿದ ಒಂದು ಕೈ, ಒಂದು ಕಾಲಿನಲ್ಲಿ ವೇಣೂರಿಗೆ ಬಂದು ಅಲ್ಲಿಯೂ ಗೊಮ್ಮಟನನ್ನು ಕಡೆಯುತ್ತಾನೆ. ಕಾರ್ಕಳದ ಪ್ರತಿಷ್ಠೆ 1432ರಲ್ಲಿ, ಬೆಳ್ತಂಗಡಿ ತಾಲೂಕಿನ ವೇಣೂರಿನದು 1604ರಲ್ಲಿ, ತಿಮ್ಮರಾಜ ಅಜಿಲನಿಂದ. ನಡುವೆ 172 ವರ್ಷಗಳ ಅಂತರ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಪಾಡ್ದನಕ್ಕೆ ಆ ಲೆಕ್ಕ ಬೇಡ. ವೇಣೂರಿನ ಮೂರ್ತಿ ಏಳದಂತೆ ಕಾರ್ಕಳದ ಅರಸ ಅಡ್ಡಬಂದನೆಂದೂ, ಅಜಿಲ ಅದನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹುದುಗಿಸಿ ಕಾಪಾಡಿದನೆಂದೂ ಬೇರೊಂದು ಪ್ರತೀತಿ ಇದೆ. ಎರಡು ಊರುಗಳ ಮತ್ಸರವನ್ನೆಲ್ಲ ಪಾಡ್ದನ ಒಬ್ಬ ಕೆಲಸಗಾರನ ಮೈಮೇಲೆ ಬರೆದಿದೆ.

ಜಪಾನಿನ ಹುಡುಗ ಅಂಗ ಕಳೆದುಕೊಂಡದ್ದು ತಾನೇ ಮಾಡಿದ ಕೆಲಸಕ್ಕಾಗಿ. ಕಲ್ಕುಡ ಕಳೆದುಕೊಂಡದ್ದು ಅರಸನ ಆಸೆಗಾಗಿ. ‘ನಮ್ಮಲ್ಲಿರುವುದು ಬೇರೆಲ್ಲೂ ಇಲ್ಲ’ ಎಂಬ ಹೆಮ್ಮೆ ಅರಸನಿಗೆ. ಬೆಲೆ ಕೊಟ್ಟವನು ಶಿಲ್ಪಿ. ಅದ್ಭುತ ಕತೆಯನ್ನು ಅಳೆಯಲು ನನಗೆ ತಿಳಿದಿರುವ ಪ್ರಶ್ನೆ ಇದೊಂದೇ: ಬೆಲೆ ಕೊಟ್ಟವರು ಯಾರು?

ಅರಕಾವಾ ಈ ಪ್ರಶ್ನೆಯನ್ನು ಬಹಳ ದೂರದವರೆಗೆ ಮರೆಯುವುದಿಲ್ಲ. ಕಳೆದ ಮೈಯನ್ನು ಮರಳಿ ಕೊಡಬಲ್ಲ ಸ್ಪರ್ಶಮಣಿಯೊಂದುಂಟೆಂದು ಅಣ್ಣತಮ್ಮಂದಿರು ಊರೂರು ಅಲೆಯುತ್ತಾರೆ. ಅದು ಜೀವಂತ ಮನುಷ್ಯರ ಪ್ರಾಣವನ್ನು ಹಿಂಡಿ ಮಾಡಿದ್ದೆಂದು ತಿಳಿದಾಗ ತಮ್ಮ ಮೈಗಾಗಿ ಅದನ್ನು ಬಳಸೆವೆನ್ನುತ್ತಾರೆ. ಕೊನೆಯಲ್ಲಿ ಅಣ್ಣ ತಮ್ಮನನ್ನು ಪಡೆಯುವುದು ತನ್ನ ವಿದ್ಯೆಯನ್ನೇ ಕೊಟ್ಟು. ಹೋದ ಕೈ ಮರಳಿದರೂ ಕಾಲು ಕಡೆತನಕ ಲೋಹದ್ದೇ. ಈ ಕಾಲನ್ನು ಹಾಗೆಯೇ ಬಿಟ್ಟ ಲೇಖಕಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆದರೆ ಅದೇ ಸಂಪುಟದಲ್ಲಿ ಒಂದು ಸಂಗತಿ ನನಗೆ ಸರಿಬರಲಿಲ್ಲ. ಮಸ್ಟ್ಯಾಂಗ್ ಎಂಬ ಸೇನಾಧಿಕಾರಿ ಯುದ್ಧದ ಕೊನೆಯ ಘಟ್ಟದಲ್ಲಿ ಕುರುಡನಾಗುತ್ತಾನೆ. ಹಿಂದೆ ಇಶ್ವಾಲ್ ಎಂಬ ನಾಡಿನ ಜನರನ್ನು ಅಪ್ಪಣೆಯ ಮೇರೆಗೆ ಸುಟ್ಟವನು ಇವನು. ಇವನ ಕಣ್ಣು ಗುಣವಾಗುವುದು ಅದೇ ಮಣಿಯಿಂದ, ಅದೂ ಇಶ್ವಾಲಿನವರ ಪ್ರಾಣದಿಂದಲೇ ಮಾಡಿದ ಮಣಿಯಿಂದ! ಮುಂದೆ ಆ ಜನರಿಗೆ ಒಳಿತು ಮಾಡುವೆನೆಂಬ ವಚನ ಅವನಿಂದ ಬರುತ್ತದೆ, ನಿಜ. ನಾಯಕರಿಬ್ಬರು ಬೇಡವೆಂದದ್ದನ್ನು ಲೇಖಕಿ ಒಬ್ಬ ಮೆಚ್ಚಿನ ಪಾತ್ರದ ಕೈಗೆ ಸದ್ದಿಲ್ಲದೆ ಇಟ್ಟುಬಿಟ್ಟರಲ್ಲ ಎಂದು ನನಗೆ ಕಸಿವಿಸಿಯಾಯಿತು. ಮೊಮ್ಮಗಳು ಒಪ್ಪಲಿಲ್ಲ. “ಸತ್ತವರು ಹೇಗೂ ಸತ್ತಾಯ್ತಲ್ಲ ಅಜ್ಜ, ಮಣಿಯನ್ನು ಸುಮ್ಮನೆ ಬಿಸಾಡುವುದಾ?” ಎಂದಳು. ಇದಕ್ಕೆ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ.

ಅವಳಿಗೆ ಕಲ್ಕುಡನಿಗಿಂತ ತಂಗಿ ಕಲ್ಲುರ್ಟಿಯ ಮೇಲೆ ಹೆಚ್ಚು ಮಮತೆ. ಅಣ್ಣನ ಅವಸ್ಥೆ ಕಂಡು ಸಿಡಿದವಳು ಅವಳು. ಇಬ್ಬರೂ ಮಾಯಕ್ಕೆ ಸಂದು ದೈವಗಳಾಗಿ ಅರಸನನ್ನು ಕಾಡುತ್ತಾರೆ. ನಮ್ಮ ತಾಲೂಕಿನ ಸಜೀಪಮೂಡದ ಪಣೋಲಿಬೈಲಿನಲ್ಲಿ ಇಂದಿಗೂ ಜನ ಕಲ್ಲುರ್ಟಿಗೆ ಅಗೇಲು ಹಾಕಿಸುತ್ತಾರೆ, ಕೋಲ ಕೊಡುತ್ತಾರೆ. 2021ರಲ್ಲಿ ಮುಗಿದ ‘ಅಟ್ಯಾಕ್ ಆನ್ ಟೈಟನ್’ ಎಂಬ ಇನ್ನೊಂದು ಮಾಂಗಾದ ನಾಯಕ ಸೇಡಿನಿಂದ ಜಗತ್ತಿನ ಬಹುಪಾಲನ್ನೇ ತುಳಿಸಿಹಾಕುತ್ತಾನಂತೆ. ಅದರ ಕೊನೆ ಸರಿಯಾಗಲಿಲ್ಲವೆಂದು ಅವಳಿಗೆ ಇನ್ನೂ ಸಿಟ್ಟು. ಕಲ್ಲುರ್ಟಿಯ ಉರಿಗೆ ಒಂದು ಮೇರೆ ಇದೆ: ಅವಳು ಕೇಳುವುದು ನೆಲೆಯನ್ನು, ನೇಮವನ್ನು. ಅರಸನ ಕಡೆಯವರು ಸೋತು ನಂಬಬೇಕು. ಸೇಡು ಹೀಗೆ ಒಂದು ಕಡೆ ಬಂದು ನಿಲ್ಲುವ ಬಗೆಯನ್ನು ಕಂಡುಕೊಂಡದ್ದು ಪಾಡ್ದನ ಕಟ್ಟಿದವರ ಜಾಣತನ.

ಇಷ್ಟು ಹೇಳಿ ರತ್ನಾಕರವರ್ಣಿಯ ಮಾತೆತ್ತದಿದ್ದರೆ ಮೂಡುಬಿದಿರೆಗೆ ಅನ್ಯಾಯವಾದೀತು. 1557ರ ಸುಮಾರಿಗೆ ಆ ಊರಿನ ಈ ಕವಿ ಬರೆದ ‘ಭರತೇಶವೈಭವ’ 80 ಸಂಧಿಗಳ, ಹತ್ತಿರಹತ್ತಿರ ಹತ್ತು ಸಾವಿರ ಪದ್ಯಗಳ ಸಾಂಗತ್ಯಕಾವ್ಯ. ಇದರ ಬಗ್ಗೆ ನನಗೊಂದು ಹಳೆಯ ದೂರುಂಟು. 941ರ ಪಂಪನ ‘ಆದಿಪುರಾಣ’ದಲ್ಲಿ ಭರತ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ತಮ್ಮನಿಗೆ ಸೋತು, ಆ ಅವಮಾನದಲ್ಲಿ ಅವನ ಮೇಲೆ ಚಕ್ರವನ್ನೇ ಬಿಡುತ್ತಾನೆ. ಚಕ್ರ ಬಾಹುಬಲಿಗೆ ಬಲವಂದು ನಿಲ್ಲುತ್ತದೆ. ಗೆದ್ದವನು ರಾಜ್ಯ ಬಿಟ್ಟು ನಡೆಯುತ್ತಾನೆ. ರತ್ನಾಕರನಲ್ಲಿ ಆ ಯುದ್ಧವೇ ಇಲ್ಲ. ಭರತ ಮೃದುವಾಗಿ ಮಾತನಾಡುತ್ತಾನೆ, ತಾನೇ ಸೋತೆನೆನ್ನುತ್ತಾನೆ. ಭುಜಬಲಿ ಕರಗಿ, ನಾಚಿ, ತಪಸ್ಸಿಗೆ ಹೋಗುತ್ತಾನೆ. ಭರತನ ಮೇಲೆ ಒಂದು ಕಲೆಯೂ ಉಳಿಯುವುದಿಲ್ಲ.

ಹಾಗಾದರೆ ಆ ಕಲೆ ಎಲ್ಲಿ ಹೋಯಿತು? ನನ್ನ ಲೆಕ್ಕದಲ್ಲಿ ಅದು ಅಳಿಸಿಹೋಗಲಿಲ್ಲ, ತಮ್ಮನ ಮೇಲೆ ಬಿತ್ತು. ಪಂಪನಲ್ಲಿ ಗೆದ್ದು ತೊರೆದವನು ಇಲ್ಲಿ ತಪ್ಪು ತಿಳಿದು ನಾಚಿ ತೊರೆಯುತ್ತಾನೆ. ತೊರೆದದ್ದು ಅದೇ ರಾಜ್ಯ, ತೂಕ ಮಾತ್ರ ಇಳಿಯಿತು. ಕವಿ ಬರೆಯುವಾಗ ಕಾರ್ಕಳದ ಬೆಟ್ಟದ ಮೇಲೆ ಗೊಮ್ಮಟ ನಿಂತು ಆಗಲೇ 125 ವರ್ಷವಾಗಿತ್ತು. ಇಡೀ ಸೀಮೆ ತಮ್ಮನನ್ನು ಕಲ್ಲಿನಲ್ಲಿ ನಿಲ್ಲಿಸಿ ಕೈಮುಗಿಯುತ್ತಿದ್ದಾಗ ಮೂಡುಬಿದಿರೆಯ ಕವಿ ಅಣ್ಣನ ಪಕ್ಷ ವಹಿಸಿದ. ಆ ಎದೆಗಾರಿಕೆಗೆ ತಲೆಬಾಗುತ್ತೇನೆ. ಅರಮನೆಯ ದಿನಚರಿಯನ್ನು, ಊಟ ಉಪಚಾರ ಸರಸ ಸಲ್ಲಾಪಗಳನ್ನು ಇಷ್ಟು ತಿಳಿಯಾದ ಕನ್ನಡದಲ್ಲಿ ಹೇಳಿದ ಕವಿಗಳು ಬಹಳ ಮಂದಿಯಿಲ್ಲ. ಭೋಗದ ನಡುವೆ ಯೋಗಿಯಾಗಿರಬಲ್ಲ ಅರಸನನ್ನು ತೋರಿಸುವುದೇ ಅವನ ಹಂಬಲ. ಅಂಥವನು ಸಿಟ್ಟಿನಲ್ಲಿ ತಮ್ಮನ ಮೇಲೆ ಚಕ್ರ ಬಿಟ್ಟರೆ ಕಾವ್ಯದ ಬುಡವೇ ಅಲುಗುತ್ತದೆ. ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೂ ಆ ಸಂಧಿಗಳನ್ನು ಓದುವಾಗ ಪ್ರತಿಸಲವೂ, ಭರತ ಒಮ್ಮೆಯಾದರೂ ಎಡವಬಾರದೇ ಎಂದು ಮನಸ್ಸು ಹಾತೊರೆಯುತ್ತದೆ.

ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲ ಸೈನ್ಯದ ಎದುರು ಚಕ್ರವರ್ತಿ ‘ನಾನು ಸೋತೆ’ ಅಂತ ಹೇಳುವುದು ಬೆಲೆ ಅಲ್ವಾ ಅಜ್ಜ? ಚಕ್ರ ಕೈಯಲ್ಲಿದ್ದೂ ಬಿಡದೆ ಇರುವುದು?” ಎಂದಳು. ಮೂವತ್ತು ವರ್ಷ ನಾನು ಈ ಕಾವ್ಯವನ್ನು ಓದಿದವನು. ಈ ಮಾತು ನನಗೆ ಹೊಳೆದಿರಲಿಲ್ಲ. ಹಾಗೆ ಹೇಳುವಾಗ ಭರತನಿಗೆ ಒಳಗೆ ನೋವಾಯಿತೆಂದು ಕವಿ ನಮಗೆ ತೋರಿಸಬೇಕಿತ್ತು, ನೋವಿಲ್ಲದೆ ಕೊಟ್ಟದ್ದು ಬೆಲೆಯಾಗದು, ಎಂದು ನಾನು ವಾದಿಸಿದೆ. ನೋವು ತೋರದವನಿಗೆ ನೋವೇ ಆಗಿಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದು ಅವಳು. ಉಕ್ಕಿನ ಕವಚದ ತಮ್ಮನಿಗೆ ಅಳಲು ಕಣ್ಣೀರಿರಲಿಲ್ಲ ಎಂಬುದನ್ನೂ ನೆನಪಿಸಿದಳು.

ರಜೆ ಮುಗಿದು ಹೊರಟಾಗ ನನ್ನ ‘ಭರತೇಶವೈಭವ’ದ ಹಳೆಯ ಪ್ರತಿಯನ್ನು ಅವಳು ಕೊಂಡುಹೋದಳು. ಮೊನ್ನೆ ಫೋನಿನಲ್ಲಿ ಕೇಳಿದೆ. ದಿಗ್ವಿಜಯದ ನಡುವೆ ಇದ್ದಾಳೆ. ಭುಜಬಲಿಯ ಸಂದರ್ಭ ಇನ್ನೂ ಬಂದಿಲ್ಲವಂತೆ.